ಡ್ಯೂಬಿಯಾ ಡಬ್ಬ ಕೈಕೊಟ್ಟಾಗ: ಮೊದಲು ಸತ್ತ ಜಿರಳೆಯನ್ನು ನೋಡಿ

ಜೇಡ ಸಾಕುವವರಿಗೆ ಜೇಡಕ್ಕಿಂತ ಜಾಸ್ತಿ ತಲೆನೋವು ಕೊಡುವುದು ಅದರ ಊಟ. ನಮ್ಮ ಮನೆಯಲ್ಲಿ ಮೂರು ಟರಂಟುಲಾ ಇವೆ. ವಾರಕ್ಕೊಂದು ಹುಳ ಸಿಕ್ಕರೆ ಅವಕ್ಕೆ ಸಾಕು. ಪೊರೆ ಬಿಡುವ ಮುಂಚೆ ವಾರಗಟ್ಟಲೆ ಉಪವಾಸ ಕೂತರೂ ಅವಕ್ಕೇನೂ ಆಗಲ್ಲ. ಆದರೆ ಅವುಗಳಿಗಾಗಿ ಸಾಕಿರುವ ಡ್ಯೂಬಿಯಾ ಜಿರಳೆಗಳು ಹಾಗಲ್ಲ. ಬಿಸಿ, ತೇವ, ಗಾಳಿ, ಊಟ ನಾಲ್ಕೂ ಸರಿ ಇರಬೇಕು. ಒಂದು ಎಡವಟ್ಟಾದರೂ ನಮಗೆ ಗೊತ್ತಾಗುವ ಹೊತ್ತಿಗೆ ಅರ್ಧ ಡಬ್ಬ ಖಾಲಿಯಾಗಿರುತ್ತದೆ.

ನನ್ನ ಡಬ್ಬ ಮೈಸೂರಿನಲ್ಲಿದೆ. ಅದರ ಜಿರಳೆಗಳಿಂದಲೇ ಶುರುವಾದ ಇನ್ನೊಂದು ಡಬ್ಬ ಮಂಡ್ಯದ ಗೆಳೆಯನ ಮನೆಯಲ್ಲಿದೆ. ಈ ಎರಡು ಕಡೆ ಏನೇನು ಕೆಟ್ಟಿತು, ಕಾರಣ ಹೇಗೆ ಸಿಕ್ಕಿತು ಅನ್ನೋದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನು ಮಾಡುತ್ತಿದ್ದ ತಪ್ಪು ಒಂದೇ. ನಾಲ್ಕು ಜಿರಳೆ ಸತ್ತವು ಅಂದ ಕೂಡಲೇ ಊಟ ಬದಲಿಸಿ, ಅವು ಅಡಗಿ ಕೂರುವ ರಟ್ಟಿನ ಮೊಟ್ಟೆ ಟ್ರೇ ಬದಲಿಸಿ, ಹೀಟರ್ ಜಾಸ್ತಿ ಮಾಡಿ, ನೀರು ಚಿಮುಕಿಸಿ, ಎಲ್ಲ ಒಂದೇ ದಿನ ಮುಗಿಸುತ್ತಿದ್ದೆ. ಸಾವು ನಿಂತರೂ ಯಾವುದರಿಂದ ನಿಂತಿತು ಗೊತ್ತಿಲ್ಲ, ನಿಲ್ಲದಿದ್ದರೂ ಗೊತ್ತಿಲ್ಲ. ಈಗ ಹಾಗೆ ಮಾಡಲ್ಲ. ಮೊದಲು ಹೆಣ ನೋಡುತ್ತೇನೆ.

ಹೆಣ ಏನು ಹೇಳುತ್ತದೆ

ಹಳೇ ಪೇಪರ್ ಹಾಸಿ. ಸತ್ತಿದ್ದನ್ನೆಲ್ಲ ಚಿಮಟದಲ್ಲಿ ಎತ್ತಿ ಸಾಲಾಗಿ ಇಡಿ. ಮೈ ಮುಚ್ಚುವಷ್ಟು ರೆಕ್ಕೆ ಇದ್ದರೆ ಗಂಡು. ಭುಜದ ಹತ್ತಿರ ಮೊಂಡು ರೆಕ್ಕೆಯ ಗುರುತು ಮಾತ್ರ ಇದ್ದರೆ ಹೆಣ್ಣು. ರೆಕ್ಕೆಯೇ ಇಲ್ಲದವು ಮರಿ.

ಸತ್ತವು ಬರೀ ರೆಕ್ಕೆಯ ಗಂಡುಗಳೇ, ವಾರಕ್ಕೆ ಎರಡೋ ಮೂರೋ ಹೋಗುತ್ತಿವೆ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ವಯಸ್ಸಾಗಿದೆ ಅಷ್ಟೇ. ದೊಡ್ಡದಾದ ಮೇಲೆ ಡ್ಯೂಬಿಯಾ ಬದುಕುವುದು ಸುಮಾರು ಒಂದರಿಂದ ಎರಡು ವರ್ಷ, ಗಂಡು ಸಾಮಾನ್ಯವಾಗಿ ಮೊದಲು ಹೋಗುತ್ತದೆ. ನೀವು ಒಂದೇ ದಿನ ಒಂದೇ ವಯಸ್ಸಿನ ಐವತ್ತು ತಂದಿದ್ದರೆ ಅವು ಸಾಯುವುದೂ ಹೆಚ್ಚುಕಮ್ಮಿ ಒಟ್ಟಿಗೇ. ನೋಡುವವರಿಗೆ ರೋಗ ಬಂದ ಹಾಗೆ ಕಾಣುತ್ತದೆ.

ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು ಸತ್ತಿದ್ದರೆ ಡಬ್ಬ ಒಣಗಿದೆ, ಇಲ್ಲವೇ ಒಳಗೆ ನೂಕುನುಗ್ಗಲು ಜಾಸ್ತಿ. ಪೊರೆ ಬಿಟ್ಟ ಜಿರಳೆ ಹಾಲಿನ ಹಾಗೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಬಣ್ಣ ಬರಲು ಕೆಲವು ಗಂಟೆ ಬೇಕು. ಆ ಹೊತ್ತಿನಲ್ಲಿ ಉಳಿದವು ಅದನ್ನು ತುಳಿಯುತ್ತವೆ, ಬಾಯಾರಿದ್ದರೆ ಕಚ್ಚುತ್ತವೆ. ರೆಕ್ಕೆಯ ಅಂಚು ಇಲಿ ಕಚ್ಚಿದ ಹಾಗೆ ಮುಕ್ಕಾಗಿದ್ದರೂ ಕಾರಣ ಇದೇ. ಇನ್ನೆರಡು ಟ್ರೇ ಹಾಕಿ, ಕ್ಯಾರೆಟ್ ತಪ್ಪದೆ ಇಡಿ. ಬೆಳ್ಳಗಿರುವುದನ್ನು ಕಂಡು ವಿಶೇಷ ತಳಿ ಹುಟ್ಟಿತು ಅಂತ ಬೇರೆ ಡಬ್ಬಿಗೆ ಹಾಕಿ ಫೋಟೋ ತೆಗೆದವನು ನಾನೇ. ಸಂಜೆಗೆ ನೋಡಿದರೆ ಎಲ್ಲರ ಹಾಗೆ ಕಂದು.

ಮರಿ, ಹೆಣ್ಣು, ಗಂಡು ಎಲ್ಲ ವಯಸ್ಸಿನವೂ ಒಟ್ಟಿಗೆ ಸತ್ತಿದ್ದರೆ ಮಾತ್ರ ಗಾಬರಿಯಾಗಬೇಕು. ಅದಕ್ಕೆ ಕಾರಣ ಸಾಮಾನ್ಯವಾಗಿ ಎರಡೇ: ಕಾವು, ಇಲ್ಲವೇ ವಿಷ. ಎರಡಕ್ಕೂ ವ್ಯತ್ಯಾಸ ಇದೆ. ಕಾವು ಮಿತಿಮೀರಿದರೆ ಅವು ಹೀಟರ್ ಕಡೆ ಬಿಟ್ಟು ಗಾಳಿಕಂಡಿಯ ಹತ್ತಿರ, ಮುಚ್ಚಳದ ಅಂಚಿನಲ್ಲಿ ಗುಂಪುಗಟ್ಟಿ ಸಾಯುತ್ತವೆ. ವಿಷವಾದರೆ ಎಲ್ಲಿ ಬೇಕಾದರಲ್ಲಿ ಅಂಗಾತ ಬಿದ್ದಿರುತ್ತವೆ, ಕಾಲು ಮಾತ್ರ ಪಟಪಟ ಅದುರುತ್ತಿರುತ್ತದೆ. ಮಗುಚಿ ಹಾಕಿದರೆ ಎರಡು ಹೆಜ್ಜೆ ಓಲಾಡಿ ಮತ್ತೆ ಅಂಗಾತ. ಇದನ್ನು ಒಮ್ಮೆ ಕಂಡರೆ ಮರೆಯಲ್ಲ.

ದಸರಾ ರಾತ್ರಿಯ ಕಥೆ

ನಾನು ಕಂಡಿದ್ದು ಒಂದು ಆಯುಧಪೂಜೆಯ ಬೆಳಗ್ಗೆ. ಜಂಬೂಸವಾರಿ ನೋಡಲು ಊರಿನಿಂದ ನೆಂಟರು ಬಂದಿದ್ದರು. ಮನೆ ತುಂಬ ಜನ. ದೊಡ್ಡಮ್ಮನಿಗೆ ನನ್ನ ರೂಮ್ ಬಿಟ್ಟುಕೊಟ್ಟಿದ್ದೆ. ಡಬ್ಬ ಅದೇ ರೂಮಿನ ಮೂಲೆಯಲ್ಲಿತ್ತು. ಅದರಲ್ಲಿ ಏನಿದೆ ಅಂತ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರು ಮಲಗ್ತಾರೆ ಅಲ್ವಾ?

ಬೆಳಗ್ಗೆ ಮುಚ್ಚಳ ತೆಗೆದರೆ ನಲವತ್ತಕ್ಕೂ ಹೆಚ್ಚು ಅಂಗಾತ ಬಿದ್ದಿವೆ. ಎಲ್ಲದರ ಕಾಲೂ ಅದುರುತ್ತಿದೆ. ಹಿಂದಿನ ದಿನ ಹಾಕಿದ್ದು ಸಿಹಿಕುಂಬಳ, ಅದನ್ನೇ ವಾರದಿಂದ ಹಾಕುತ್ತಿದ್ದೆ. ಥರ್ಮಾಮೀಟರ್ 30 ತೋರಿಸುತ್ತಿತ್ತು. ಆಗ ಗೋಡೆಯ ಸ್ವಿಚ್ ಬೋರ್ಡ್ ಕಣ್ಣಿಗೆ ಬಿತ್ತು.

"ದೊಡ್ಡಮ್ಮ, ರಾತ್ರಿ ಸೊಳ್ಳೆ ಮಷೀನ್ ಹಾಕಿದ್ರಾ?"

"ಹೂಂ ಕಣೋ ಮಗಾ. ಕಿಟಕಿ ಬಾಗ್ಲೆಲ್ಲ ಹಾಕ್ಕಂಡು ಹಾಕ್ದೆ. ಚೆನ್ನಾಗ್ ನಿದ್ದೆ ಬತ್ತು."

ಸೊಳ್ಳೆ ಮಷೀನ್, ಬತ್ತಿ, ಸ್ಪ್ರೇ ಇವುಗಳಲ್ಲೆಲ್ಲ ಇರುವುದು ಸಾಮಾನ್ಯವಾಗಿ ಪೈರೆಥ್ರಾಯ್ಡ್ ಜಾತಿಯ ವಿಷ. ಅದು ಕೀಟದ ನರಕ್ಕೆ ಹೊಡೆಯುತ್ತದೆ. ಸೊಳ್ಳೆ, ಜಿರಳೆ ಅಂತ ಭೇದ ಮಾಡಲ್ಲ. ಜೇಡವನ್ನೂ ಬಿಡಲ್ಲ. ನನ್ನ ಪುಣ್ಯ, ಜೇಡಗಳು ಹಾಲ್‌ನಲ್ಲಿದ್ದವು.

ಹೀಗಾದರೆ ಮಾಡಬೇಕಾದ್ದು ಇಷ್ಟು. ಡಬ್ಬವನ್ನು ಕೂಡಲೇ ಗಾಳಿ ಬರುವ ಜಾಗಕ್ಕೆ ತನ್ನಿ. ಓಡಾಡುತ್ತಿರುವವನ್ನು ಬೇರೆ ಡಬ್ಬಕ್ಕೆ ಹಾಕಿ. ಮೊಟ್ಟೆ ಟ್ರೇಗಳನ್ನು ಎಸೆಯಿರಿ, ರಟ್ಟು ವಿಷವನ್ನು ಹೀರಿಕೊಂಡಿರುತ್ತದೆ. ಇದ್ದ ಊಟವನ್ನೂ ಎಸೆಯಿರಿ. ಡಬ್ಬವನ್ನು ಸೋಪಿನಲ್ಲಿ ಎರಡು ಮೂರು ಸಲ ತೊಳೆದು ಬಿಸಿಲಿಗೆ ಇಡಿ. ಉಳಿದ ಜಿರಳೆಯನ್ನು ಒಂದೆರಡು ತಿಂಗಳು ಜೇಡಕ್ಕೆ ಹಾಕಲೇಬೇಡಿ. ಅದುರುತ್ತಿರುವುದನ್ನು "ಹೇಗೂ ಸಾಯ್ತಿದೆ" ಅಂತ ಜೇಡಕ್ಕೆ ಕೊಟ್ಟರೆ ಜೇಡವೂ ಹೋಗಬಹುದು.

ಇದೇ ಪಟ್ಟಿಗೆ ಸೇರುವ ಇನ್ನಷ್ಟಿವೆ. ಬೀರುವಿನ ನುಸಿ ಗುಳಿಗೆ. ನಾಯಿಗೆ ಹಾಕುವ ಉಣ್ಣೆ ಔಷಧಿ, ಅದನ್ನು ಹಚ್ಚಿದ ಕೈಯನ್ನೇ ಡಬ್ಬಕ್ಕೆ ಹಾಕುವುದು. ಮಳೆಗಾಲದಲ್ಲಿ ಡೆಂಗ್ಯೂ ಅಂತ ಬೀದಿಯಲ್ಲಿ ಹೊಗೆ ಹೊಡೆಯುತ್ತಾ ಬರುವ ಗಾಡಿ. ಗಾಡಿಯ ಸದ್ದು ಕೇಳಿದ ಕೂಡಲೇ ಕಿಟಕಿ ಮುಚ್ಚಿ, ಡಬ್ಬದ ಮೇಲೆ ಒದ್ದೆ ಟವೆಲ್ ಹಾಕಿ, ಹೊಗೆ ಹೋದ ಮೇಲೆ ತೆಗೆಯುತ್ತೇನೆ.

ತರಕಾರಿಯಲ್ಲಿ ಬಂದ ವಿಷ

ಇದು ಇನ್ನೂ ಕಳ್ಳತನದ್ದು. ಒಂದೇ ರಾತ್ರಿ ನಲವತ್ತು ಹೋಗಲ್ಲ. ಹೊಸ ಸೊಪ್ಪು ಹಾಕಿದ ಮಾರನೇ ದಿನ ಐದು, ಅದರ ಮಾರನೇ ದಿನ ಎಂಟು. ತಿಂದವು ಮಾತ್ರ ಸಾಯುತ್ತವೆ. ಹಾಗಾಗಿ ಡಬ್ಬದ ಒಂದು ಕಡೆ, ಊಟದ ತಟ್ಟೆಯ ಆಸುಪಾಸಿನಲ್ಲೇ ಹೆಣ ಜಾಸ್ತಿ ಸಿಗುತ್ತದೆ.

ಮಂಡ್ಯ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ರೇಷ್ಮೆ ಸಾಕಿದ ಮನೆಯವರಿಗೆ ಗೊತ್ತು. ಹಿಪ್ಪುನೇರಳೆಗೆ ಔಷಧಿ ಹೊಡೆದರೆ ಇಷ್ಟು ದಿನ ಆ ಸೊಪ್ಪು ಹಾಕುವ ಹಾಗಿಲ್ಲ ಅಂತ ಲೆಕ್ಕ ಇರುತ್ತದೆ. ತಂಬಾಕು ಹೊಲದ ಪಕ್ಕದ ಸೊಪ್ಪನ್ನೂ ಅವರು ಮುಟ್ಟಲ್ಲ. ನನ್ನ ಗೆಳೆಯನ ಅಜ್ಜಿ ಹುಳ ಸಾಕಿದವರು. ನಮ್ಮ ಜಿರಳೆ ಸತ್ತ ಸುದ್ದಿ ಕೇಳಿ, "ಸೊಪ್ ಎಲ್ಲಿಂದ ತಂದ್ರಪ್ಪ?" ಅಂತ ಮೊದಲು ಕೇಳಿದ್ದೇ ಅವರು. ನಾವಿಬ್ಬರೂ ಮೂರು ದಿನ ಹೀಟರ್ ಬಿಚ್ಚಿ ಜೋಡಿಸುತ್ತಾ ಕೂತಿದ್ದೆವು.

ಹೂಕೋಸು, ಕೊತ್ತಂಬರಿ, ದ್ರಾಕ್ಷಿ, ದಪ್ಪಮೆಣಸಿನಕಾಯಿಯನ್ನು ನಾನು ಹಾಕುವುದನ್ನೇ ಬಿಟ್ಟಿದ್ದೇನೆ. ಸಿಪ್ಪೆ ಹೆರೆದ ಕ್ಯಾರೆಟ್, ಸಿಹಿಕುಂಬಳದ ತಿರುಳು, ಹಿತ್ತಿಲಲ್ಲಿ ಬೆಳೆದ ಸೊಪ್ಪು ಇಷ್ಟೇ. ಹಣ್ಣಿಗೆ ಕಿತ್ತಳೆ ತೊಳೆ ಅಂದರೆ ಪ್ರಾಣ. ಬಾಳೆಹಣ್ಣೂ ತಿನ್ನುತ್ತವೆ, ಸಿಪ್ಪೆ ಬೇಡ. ನಂಜನಗೂಡು ರಸಬಾಳೆಯನ್ನು ಜಿರಳೆಗೆ ಹಾಕುವಷ್ಟು ಶ್ರೀಮಂತ ನಾನಲ್ಲ, ಪಚ್ಚಬಾಳೆ ಸಾಕು.

ಹೊಸ ಅಂಗಡಿಯ ತರಕಾರಿ ತಂದರೆ ಮೊದಲು ಪರೀಕ್ಷೆ. ಒಂದು ಚಿಕ್ಕ ಡಬ್ಬಿಗೆ ಐದು ಗಂಡು ಹಾಕಿ, ಆ ತರಕಾರಿಯನ್ನೇ ಕೊಟ್ಟು ಎರಡು ದಿನ ಬಿಡಿ. ಡಬ್ಬದಲ್ಲಿ ಗಂಡು ಹೇಗೂ ಜಾಸ್ತಿಯೇ ಇರುತ್ತವೆ. ರಾಜನ ಊಟ ಮೊದಲು ಸೇವಕ ರುಚಿ ನೋಡುತ್ತಿದ್ದ ಹಾಗೆ.

ಸಾವಿಲ್ಲ, ಮರಿಯೂ ಇಲ್ಲ

ಹೊಸಬರಿಂದ ಜಾಸ್ತಿ ಬರುವ ದೂರು ಇದು. ಮೂರು ತಿಂಗಳಾಯ್ತು, ಎಲ್ಲ ಆರಾಮಾಗಿವೆ, ತಿನ್ನುತ್ತಿವೆ, ಒಂದು ಮರಿ ಇಲ್ಲ. ನಾನು ಕೇಳುವ ಮೊದಲ ಪ್ರಶ್ನೆ: ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ?

ಹತ್ತರಲ್ಲಿ ಎಂಟು ಜನ ಅದನ್ನು ಮುಚ್ಚಳಕ್ಕೆ ಅಂಟಿಸಿರುತ್ತಾರೆ, ಇಲ್ಲವೇ ರೂಮಿನ ಗೋಡೆಯಲ್ಲಿರುವುದನ್ನೇ ಓದಿ ಹೇಳುತ್ತಾರೆ. ಜಿರಳೆ ಅಲ್ಲಿ ವಾಸ ಮಾಡಲ್ಲ. ಟ್ರೇಗಳ ಸಂದಿಯಲ್ಲಿ ಮಾಡುತ್ತದೆ. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ತಂದು ತುದಿಯನ್ನು ಟ್ರೇಗಳ ನಡುವೆ ಇಳಿಬಿಡಿ. ಬೆಳಗಿನ ಜಾವ ಐದು ಗಂಟೆಗೆ ಎದ್ದು ಓದಿ. ಮಧ್ಯಾಹ್ನದ ಲೆಕ್ಕ ಪ್ರಯೋಜನಕ್ಕಿಲ್ಲ.

ಡ್ಯೂಬಿಯಾ ದಕ್ಷಿಣ ಅಮೆರಿಕದ ಜಿರಳೆ. ಮರಿ ಹಾಕಲು 28ರಿಂದ 33 ಡಿಗ್ರಿ ಬೇಕು. 25ರ ಕೆಳಗೆ ಕೆಲಸ ನಿಧಾನ. 20ರ ಹತ್ತಿರ ಬಂದರೆ ಸುಮ್ನೆ ಕೂತಿರುತ್ತವೆ, ಸಾಯಲ್ಲ, ಹೆರುವುದೂ ಇಲ್ಲ. ಮೈಸೂರಿನ ಹವಾ ನಮಗೆ ಹಿತ, ಅವಕ್ಕೆ ತುಸು ತಣ್ಣಗೆ. ಡಿಸೆಂಬರ್, ಜನವರಿ ರಾತ್ರಿ ಹೊರಗೆ 16, 17ಕ್ಕೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಏಪ್ರಿಲ್‌ನಲ್ಲಿ ಹೀಟರ್ ಇಲ್ಲದೆಯೂ ಮರಿ ಬರುತ್ತವೆ. ಅದನ್ನು ನೋಡಿ "ಹೀಟರ್ ಯಾಕೆ ಬೇಕು" ಅಂದುಕೊಂಡವರು ನವೆಂಬರ್ ಹೊತ್ತಿಗೆ ಫೋನ್ ಮಾಡುತ್ತಾರೆ.

ಹೀಟ್ ಮ್ಯಾಟ್ (ಕರೆಂಟಿನಲ್ಲಿ ಬಿಸಿಯಾಗುವ ತೆಳು ಹಾಳೆ) ಹಾಕುವುದಾದರೆ ಡಬ್ಬದ ಒಂದು ಪಕ್ಕಕ್ಕೆ ಹೊರಗಿನಿಂದ ಅಂಟಿಸಿ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರಲಿ, ಬೇಕಾದ ಜಾಗವನ್ನು ಅವೇ ಆರಿಸಿಕೊಳ್ಳುತ್ತವೆ. ಕಾವು ಮಿತಿ ದಾಟಿದರೆ ತಾನೇ ಆಫ್ ಮಾಡುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಬೇಡವೇ ಬೇಡ. ನನ್ನದು ಜನವರಿಯಲ್ಲಿ ಸರಿಯಾಗಿದ್ದ ಮ್ಯಾಟೇ ಮಾರ್ಚ್ ಕೊನೆಗೆ ಡಬ್ಬವನ್ನು 42ಕ್ಕೆ ಏರಿಸಿತ್ತು. ಬಲ್ಬ್ ಹಾಕಿ ಕಾವು ಕೊಡುವವರಿಗೆ ಒಂದೇ ಮಾತು, ಒಳಗಿರುವುದು ಒಣ ರಟ್ಟು. ಬೆಂಕಿ ಹತ್ತಲು ಇನ್ನೇನು ಬೇಕು? ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಫ್ರಿಜ್ ಮೇಲೆ ಹಿಂಬದಿಗೆ ಇಡಿ. ಎರಡು ಮೂರು ಡಿಗ್ರಿ ಪುಕ್ಕಟೆ ಸಿಗುತ್ತದೆ, ಅಡುಗೆಮನೆಯವರು ಒಪ್ಪಿದರೆ.

ಕಾವು ಸರಿ ಇದ್ದೂ ಮರಿ ಇಲ್ಲ ಅಂದರೆ ದಿನ ಎಣಿಸಿ. 30 ಡಿಗ್ರಿಯಲ್ಲೂ ಹೆಣ್ಣು ಮರಿ ಹಾಕಲು ಸುಮಾರು ಎರಡು ತಿಂಗಳು ಬೇಕು. ತಂದವು ಮರಿಗಳಾಗಿದ್ದರೆ ಅವು ದೊಡ್ಡದಾಗಲು ನಾಲ್ಕರಿಂದ ಆರು ತಿಂಗಳು. ಕೊರಿಯರ್‌ನಲ್ಲಿ ಬಂದ ಗಬ್ಬದ ಹೆಣ್ಣುಗಳು ಅಲ್ಲಾಟಕ್ಕೆ ಮೊಟ್ಟೆ ಕೋಶವನ್ನು ಉದುರಿಸಿಬಿಡುವುದುಂಟು. ಆಮೇಲೆ ಲೆಕ್ಕ ಮತ್ತೆ ಒಂದರಿಂದ.

ಈ ಕೋಶದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲೇ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಡ್ಯೂಬಿಯಾ ಹೆಣ್ಣು ಮೊಟ್ಟೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಮರಿ ಹಾಕುತ್ತದೆ. ಒಂದು ಸಲಕ್ಕೆ 20ರಿಂದ 40. ಒಮ್ಮೊಮ್ಮೆ ಅದರ ಹಿಂಭಾಗದಿಂದ ತಿಳಿ ಹಳದಿಯ, ಅಡ್ಡಗೆರೆಗಳಿರುವ ಉದ್ದನೆಯ ಕೋಶ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ಕರುಳು ಹೊರಬಂತು ಅಂದುಕೊಂಡಿದ್ದೆ. ಏನೂ ಆಗಿಲ್ಲ. ಹೊರಗೆ ತಂದು, ತಿರುಗಿಸಿ, ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಟಾರ್ಚ್ ಹಾಕಿ, ಬೆರಳು ಹಾಕಿ ತೊಂದರೆ ಕೊಟ್ಟರೆ ಉದುರಿಸುತ್ತದೆ. ಉದುರಿ ನೆಲಕ್ಕೆ ಬಿದ್ದ ಕೋಶದಿಂದ ಮರಿ ಬರಲ್ಲ. ಅಂಥವು ಪದೇ ಪದೇ ಸಿಗುತ್ತಿದ್ದರೆ ಡಬ್ಬ ಒಣಗಿದೆ, ಅಥವಾ ನೀವು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯುತ್ತಿದ್ದೀರಿ.

ಆದರೆ ನಿಮ್ಮಲ್ಲಿರುವುದು ರೆಡ್ ರನ್ನರ್ ಅನ್ನುವ ಇನ್ನೊಂದು ಜಾತಿಯ ಜಿರಳೆ ಆಗಿದ್ದರೆ ಇಡೀ ಮಾತು ಉಲ್ಟಾ. ಅದು ಕೋಶವನ್ನು ಹೊರಗೇ ಇಡುವ ಜಾತಿ. ಕಂದು ಬಣ್ಣದ ಕಾಳಿನ ಹಾಗೆ ತಳದಲ್ಲಿ ಬಿದ್ದಿರುತ್ತದೆ. ಮಂಡ್ಯದ ಗೆಳೆಯ ಮೊದಲು ಸಾಕಿದ್ದು ಅದನ್ನೇ. ವಾರ ವಾರ ತಳದ ಪುಡಿಯನ್ನು ಶುದ್ಧವಾಗಿ ಗುಡಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದ. ಮರಿಯೇ ಆಗ್ತಿಲ್ಲ ಅಂತ ಗೋಳು ಬೇರೆ. ಅಷ್ಟೂ ಮೊಟ್ಟೆ ತೆಂಗಿನ ಬುಡದಲ್ಲಿತ್ತು.

ಗಂಡು ಹೆಣ್ಣಿನ ಲೆಕ್ಕವನ್ನೂ ನೋಡಿ. ಒಂದು ಗಂಡಿಗೆ ಮೂರರಿಂದ ಐದು ಹೆಣ್ಣು ಇದ್ದರೆ ಸರಿ. ಗಂಡು ಜಾಸ್ತಿಯಾದರೆ ಹೆಣ್ಣುಗಳಿಗೆ ನೆಮ್ಮದಿ ಇಲ್ಲ. ಹೆಚ್ಚಾದ ಗಂಡುಗಳೇ ಜೇಡದ ಊಟ.

ಕೊನೆಗೆ, ಮರಿ ನಿಜವಾಗಿಯೂ ಇಲ್ಲವೇ? ಹುಟ್ಟಿದ ಮರಿ ಎಳ್ಳಿಗಿಂತ ತುಸು ದೊಡ್ಡದು. ಟ್ರೇಯನ್ನು ಬಿಳಿ ಟಬ್ಬಿನ ಮೇಲೆ ಹಿಡಿದು ಮೆಲ್ಲಗೆ ತಟ್ಟಿ. ನನ್ನ ಪರಿಚಯದವರೊಬ್ಬರು ಆರು ತಿಂಗಳು ಮರಿ ಇಲ್ಲ ಅಂತಿದ್ದರು. ತಟ್ಟಿದಾಗ ಇನ್ನೂರು ಉದುರಿದವು.

ವಾಸನೆ, ನುಸಿ, ನೊಣ

ಸರಿ ಇರುವ ಡಬ್ಬ ನಾರಲ್ಲ. ತಳದ ಹಿಕ್ಕೆ ಒಣಗಿ ಕಾಫಿ ಪುಡಿಯ ಹಾಗೆ ಉದುರುದುರಾಗಿರಬೇಕು. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಘಾಟು ಬಂದರೆ ಒಳಗೆ ತೇವ ನಿಂತಿದೆ. ಗಾಳಿಕಂಡಿ ದೊಡ್ಡದು ಮಾಡಿ ಸ್ಟೀಲ್ ಜಾಲರಿ ಹಾಕಿ. ಹಸಿ ಊಟ ಒಂದು ದಿನದ ಮೇಲೆ ಒಳಗಿರಬಾರದು. ಪ್ರೋಟೀನ್ ಕೂಡ ಅತಿಯಾಗಬಾರದು. ಬರೀ ನಾಯಿ ಬಿಸ್ಕತ್, ಮೀನಿನ ಊಟ ಹಾಕಿದರೆ ಅವುಗಳ ಮೈಯಲ್ಲಿ ಯೂರಿಕ್ ಆಮ್ಲ ತುಂಬಿಕೊಳ್ಳುತ್ತದೆ. ಗೋಧಿ ಬೂಸಾ, ಓಟ್ಸ್, ಸ್ವಲ್ಪ ಕೋಳಿ ಫೀಡ್ ಸಾಕು.

ರಾಗಿ ಹಿಟ್ಟು ಚೆಲ್ಲಿದ ಹಾಗೆ ಮೂಲೆಯಲ್ಲಿ ಬೂದಿ ಬಣ್ಣದ ಪುಡಿ ಕಂಡರೆ ಒಂದು ನಿಮಿಷ ಕಣ್ಣಿಟ್ಟು ನೋಡಿ. ಪುಡಿ ಅಲ್ಲಾಡಿದರೆ ನುಸಿ. ಮಳೆಗಾಲದಲ್ಲಿ ಬೂಸಾ ಚೀಲದ ಜೊತೆಗೇ ಬರುತ್ತದೆ. ಜಿರಳೆಯನ್ನು ತಿನ್ನಲ್ಲ, ಆದರೆ ಮೈಮೇಲೆ ಹತ್ತಿ ಕಾಡುತ್ತದೆ. ಅದಕ್ಕೆ ಬೇಕಾದ್ದು ತೇವ. ಟ್ರೇ ಬದಲಿಸಿ, ಡಬ್ಬ ತೊಳೆದು ಒಣಗಿಸಿ, ವಾರ ಒಣ ಊಟ ಹಾಕಿ. ಕ್ಯಾರೆಟ್ ದಿನಕ್ಕೆ ಒಂದು ಗಂಟೆ ಮಾತ್ರ. ಬೂಸಾವನ್ನು ಎರಡು ದಿನ ಫ್ರೀಜರ್‌ನಲ್ಲಿಟ್ಟು ಬಳಸಿ. ಚಿಕ್ಕ ನೊಣ ಎದ್ದರೂ ಮದ್ದು ಇದೇ. ಗೆಳೆಯ ಒಮ್ಮೆ ಕಬ್ಬಿನ ತುಂಡು ಹಾಕಿ ನೋಡಿದ. ಮೂರನೇ ದಿನ ಹುಳಿ ಬಂದು ಡಬ್ಬ ತುಂಬ ನೊಣ.

ಹಿಕ್ಕೆ ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಿ. ಜಿರಳೆ ಪುಡಿಯಿಂದ ಅಲರ್ಜಿ, ಉಬ್ಬಸ ಬರುವುದು ನಿಜ.

ಇರುವೆ, ಹಲ್ಲಿ, ಗೋಡೆ ಹತ್ತುವವು

ಮರಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದು ಹೆಣವೂ ಸಿಗದಿದ್ದರೆ ಕಳ್ಳರಿದ್ದಾರೆ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ನೋಡಿ. ಹಲ್ಲಿಯಾದರೆ ಮುಚ್ಚಳದ ಸಂದಿ ಮುಚ್ಚಿ. ಇರುವೆಯಾದರೆ ಹಳೇ ಕಾಲದಲ್ಲಿ ತಿಂಡಿ ಬೀರುವಿನ ಕಾಲಿಗೆ ಮಾಡುತ್ತಿದ್ದ ಹಾಗೆ, ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಟ್ಟು ಮೇಲೆ ಡಬ್ಬ ಇಡಿ. ಇರುವೆಗೆ ಅಂತ ಚಾಕ್‌ಪೀಸ್ ಗೆರೆ ಎಳೆಯಬೇಡಿ. ಆ ಚಾಕ್ ಇರುವುದೇ ಜಿರಳೆ ಕೊಲ್ಲೋಕೆ.

ಡ್ಯೂಬಿಯಾ ನಯವಾದ ಪ್ಲಾಸ್ಟಿಕ್, ಗಾಜು ಹತ್ತಲಾರದು. ಹತ್ತುತ್ತಿದ್ದರೆ ಗೋಡೆಗೆ ಧೂಳು ಕೂತಿದೆ, ಇಲ್ಲವೇ ಗೀರು ಬಿದ್ದಿದೆ. ಒರೆಸಿ, ಮೇಲಂಚಿಗೆ ಅಗಲದ ಪ್ಯಾಕಿಂಗ್ ಟೇಪ್ ಸುತ್ತಿ. ಒರೆಸಿದ ಗಾಜನ್ನೂ ಸರಾಗವಾಗಿ ಹತ್ತಿದರೆ ಅದು ಡ್ಯೂಬಿಯಾ ಅಲ್ಲ, ಮನೆ ಜಿರಳೆ ಸೇರಿಕೊಂಡಿದೆ. ಎಲ್ಲೆಲ್ಲಿ ಏನೇನು ತಿಂದು ಬಂದಿದೆಯೋ, ಜೇಡಕ್ಕೆ ಹಾಕಬೇಡಿ.

ಜಿರಳೆ ಚೆನ್ನಾಗಿದೆ, ಜೇಡ ಮುಟ್ಟಲ್ಲ

ತಪ್ಪು ಡಬ್ಬದ್ದಲ್ಲ. ಹೊಟ್ಟೆ ದಪ್ಪಗಾಗಿ, ಮಿರಮಿರ ಹೊಳೆದು, ಬಣ್ಣ ಕಪ್ಪಾಗಿದ್ದರೆ ಜೇಡ ಪೊರೆ ಬಿಡಲಿದೆ. ರೇಷ್ಮೆಯವರ ಭಾಷೆಯಲ್ಲಿ ಹೇಳಿದರೆ ಜ್ವರಕ್ಕೆ ಕೂತಿದೆ. ಹಾಕಿದ ಜಿರಳೆಯನ್ನು ಮಾರನೇ ದಿನವೇ ತೆಗೆಯಿರಿ, ಪೊರೆ ಬಿಟ್ಟು ಮೆತ್ತಗಿರುವ ಜೇಡವನ್ನು ಜಿರಳೆಯೇ ಕಡಿದೀತು. ಹಸಿದಿದ್ದೂ ತಿನ್ನದಿದ್ದರೆ ಜಿರಳೆ ಮಣ್ಣಿನೊಳಗೆ ಹೂತುಕೊಂಡಿರುತ್ತದೆ, ಅಥವಾ ಸತ್ತ ಹಾಗೆ ನಟಿಸುತ್ತಿರುತ್ತದೆ. ತಲೆ ಜಜ್ಜಿ ಹಾಕಿದರೆ ಕಾಲಾಡಿಸುತ್ತಾ ಮೇಲೇ ಇರುತ್ತದೆ. ಜೇಡದ ಹೊಟ್ಟೆಗಿಂತ ದೊಡ್ಡದನ್ನು ಹಾಕಬೇಡಿ.

ದಸರಾ ಮುಗಿದು ನೆಂಟರು ಹೊರಟ ಮೇಲೆ ನನ್ನಲ್ಲಿ ಉಳಿದಿದ್ದು ಹನ್ನೊಂದು ಜಿರಳೆ, ಅದರಲ್ಲಿ ಹೆಣ್ಣು ಎರಡು. ಅವೂ ವಾರದಲ್ಲಿ ಹೋದವು. ಆ ವರ್ಷದ ಯುಗಾದಿಗೆ ಮಂಡ್ಯದ ಗೆಳೆಯನಿಗೆ ಇಪ್ಪತ್ತು ಕೊಟ್ಟಿದ್ದೆ. ಅವನು ಒಂದು ಐಸ್‌ಕ್ರೀಮ್ ಡಬ್ಬಿಯಲ್ಲಿ ಹದಿನೈದು ಹೆಣ್ಣು, ನಾಲ್ಕು ಗಂಡು ತುಂಬಿ, ಮೇಲೆ ನಾಲ್ಕು ತೂತು ಕೊರೆದು, ಮೈಸೂರಿಗೆ ಬರುವ ಪ್ಯಾಸೆಂಜರ್ ರೈಲಿನಲ್ಲಿ ತಂದುಕೊಟ್ಟ. ಈಗ ವರ್ಷಕ್ಕೆರಡು ಸಲ ಅದಲುಬದಲು ಮಾಡಿಕೊಳ್ಳುತ್ತೇವೆ. ನನ್ನ ರೂಮಿನ ಸ್ವಿಚ್ ಬೋರ್ಡಿನ ಆ ಪಾಯಿಂಟಿಗೆ ಟೇಪ್ ಅಂಟಿಸಿದ್ದೇನೆ.